ಡಿವಿಡಿ ಬರೆಯುವಾಗ ಪ್ರತಿ ಸಲವೂ ವಿಫಲ: ತಪ್ಪು ಡ್ರೈವಿನದೋ, ಡಿಸ್ಕಿನದೋ?

ಪ್ರಶ್ನೆ: ಅಡಿಕೆತೋಟ, ಹೊಸನಗರ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಂಗಳದಲ್ಲಿ ನಡೆದ ನಾಲ್ಕು ಗಂಟೆಯ ತಾಳಮದ್ದಳೆಯನ್ನು ಚಿತ್ರೀಕರಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಡಿವಿಡಿಗೆ ಹಾಕಿ ದೊಡ್ಡಪ್ಪನವರಿಗೆ ಕೊಡಬೇಕಾಗಿದೆ. ಅವರು ಮೊಬೈಲನ್ನು ಮುಟ್ಟುವವರಲ್ಲ, ಟಿವಿಯ ಪಕ್ಕದ ಪ್ಲೇಯರ್ ಒಂದೇ ಅವರಿಗೆ ರೂಢಿ. ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಇಮ್ಗ್‌ಬರ್ನ್ ಎಂಬ ಡಿಸ್ಕ್ ಬರೆಯುವ ತಂತ್ರಾಂಶ ಬಳಸಿ ಈ ವಾರ ನಾಲ್ಕು ಡಿಸ್ಕುಗಳನ್ನು ಹಾಳು ಮಾಡಿದ್ದಾಯಿತು. ಮೊದಲ ಎರಡು ಬರೆಯಲು ತೊಡಗುವ ಮುನ್ನವೇ ‘ಪವರ್ ಕ್ಯಾಲಿಬ್ರೇಶನ್ ಏರಿಯಾ ಎರರ್’ ಎಂದು ನಿಂತುಬಿಟ್ಟವು. ಉಳಿದೆರಡು ಕೊನೆಯವರೆಗೂ ಬರೆದು ಮುಗಿಸಿದವಾದರೂ, ಪರಿಶೀಲನೆಯ ಹಂತದಲ್ಲಿ ಶೇ 90 ದಾಟುತ್ತಿದ್ದಂತೆ ಓದಲಾಗದೆ ಕೈಕೊಟ್ಟವು. ಎರಡು ಫೈಲುಗಳು ಸೇರಿ 4.2 ಜಿಬಿ ಇವೆ; ವೇಗವನ್ನು 16ಎಕ್ಸ್‌ಗೆ ಇಟ್ಟಿದ್ದೆ. ಡಿಸ್ಕುಗಳು ಎರಡು ಮಳೆಗಾಲದ ಹಿಂದೆ ತಂದ 25ರ ಕಟ್ಟಿನವು. ಇದೇ ಡ್ರೈವ್ ಸಿಡಿಗಳನ್ನು ತಕರಾರಿಲ್ಲದೆ ಬರೆಯುತ್ತದೆ, ಸಿನಿಮಾ ಡಿವಿಡಿಗಳನ್ನೂ ಓದುತ್ತದೆ. ಹಾಗಿರುವಾಗ ಡ್ರೈವ್ ಕೆಟ್ಟಿದೆ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ: ಶರಾವತಿ ಕಣಿವೆ, ಸಾಗರ

ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನೂ ಒಮ್ಮೆ ಅದೇ ತರ್ಕವನ್ನು ನಂಬಿ ಅರ್ಧ ಕಟ್ಟು ಡಿಸ್ಕುಗಳನ್ನು ಕಳೆದುಕೊಂಡಿದ್ದೇನೆ. ಸಿಡಿಗೆ ಬಳಕೆಯಾಗುವುದು 780 ನ್ಯಾನೊಮೀಟರ್ ತರಂಗಾಂತರದ ಲೇಸರ್, ಡಿವಿಡಿಗೆ 650 ನ್ಯಾನೊಮೀಟರಿನದು. ಒಂದು ಚೆನ್ನಾಗಿದೆ ಎಂಬುದು ಇನ್ನೊಂದಕ್ಕೆ ಸಾಕ್ಷಿಯಾಗದು. ಓದುವುದಕ್ಕೆ ಬೇಕಾದ ಶಕ್ತಿಯ ಹತ್ತಾರು ಪಟ್ಟು ಬರೆಯುವುದಕ್ಕೆ ಬೇಕಾಗುವುದರಿಂದ, ಮುಪ್ಪಾದ ಲೇಸರ್ ಸಿನಿಮಾ ತೋರಿಸುತ್ತಲೇ ಇದ್ದು ಬರವಣಿಗೆಯಲ್ಲಿ ಮಾತ್ರ ಸೋಲಬಹುದು. ಬರೆಯುವ ಮುನ್ನ ಡ್ರೈವ್ ಡಿಸ್ಕಿನ ಒಳಸುತ್ತಿನಲ್ಲಿ ಬೇರೆ ಬೇರೆ ಶಕ್ತಿಯಲ್ಲಿ ಸ್ವಲ್ಪ ಬರೆದು ನೋಡಿ, ಯಾವುದು ಸರಿಹೊಂದುತ್ತದೆಂದು ತೀರ್ಮಾನಿಸುತ್ತದೆ. ಆ ಪರೀಕ್ಷೆಯಲ್ಲಿ ಯಾವುದೂ ಒಗ್ಗದಿದ್ದಾಗ ಬರುವ ಸಂದೇಶವೇ ನೀವು ಕಂಡದ್ದು.

ಆದರೂ ನನಗೆ ಮೊದಲ ಅನುಮಾನ ಡಿಸ್ಕುಗಳ ಮೇಲೆಯೇ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯಲಾಗುತ್ತದೆ, ಆದ್ದರಿಂದ ಹೆಚ್ಚುಕಡಿಮೆ ತುಂಬಿದ ಡಿಸ್ಕಿನಲ್ಲಿ ಶೇ 90 ಎಂದರೆ ಹೊರಅಂಚು. ಡಿವಿಡಿ ಎಂಬುದು 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು, ಬರೆಯುವ ಬಣ್ಣದ ಪದರ ಅವುಗಳ ನಡುವೆ ಇರುತ್ತದೆ, ತೇವ ಒಳನುಗ್ಗಲು ಅಂಚೇ ದಾರಿ. ನಮ್ಮ ಮಲೆನಾಡಿನಲ್ಲಿ ಆಷಾಢದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವಾಗ ಡಿಸ್ಕಿಗೆ ವಿನಾಯಿತಿ ಎಲ್ಲಿಂದ ಬಂದೀತು? ಬರೆಯದ ಡಿಸ್ಕೊಂದನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಅಂಚಿನಿಂದ ಒಂದು ಬೆರಳಗಲದಷ್ಟು ಭಾಗವನ್ನು ನೋಡಿ. ಬಣ್ಣ ಒಂದೇ ಸಮನಾಗಿರದೆ ಮಬ್ಬು ಮಬ್ಬಾದ ಪಟ್ಟೆ ಕಂಡರೆ, ಕಟ್ಟನ್ನು ಹಾಗೆಯೇ ತೋಟದಲ್ಲಿ ಮಂಗ ಓಡಿಸಲು ತೂಗುಹಾಕಿ.

ಉತ್ತರ: ತುಂಗಾತೀರ, ತೀರ್ಥಹಳ್ಳಿ

ಹಿಂದಿನವರ ಮಾತಿಗೆ ಎರಡು ವಿಷಯಗಳನ್ನು ಸೇರಿಸುತ್ತೇನೆ. ಮಳೆಗಾಲದಲ್ಲಿ ತಣ್ಣಗಿರುವ ಡ್ರೈವಿನ ಲೆನ್ಸಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ತೇವ ಕೂರುತ್ತದೆ. ಕಂಪ್ಯೂಟರನ್ನು ಒಂದು ಗಂಟೆ ಚಾಲೂ ಇಟ್ಟು ಕೇಸ್ ಒಳಗೆ ಬೆಚ್ಚಗಾದ ನಂತರವೇ ಬರೆಯಿರಿ. ಡಿಸ್ಕುಗಳನ್ನೂ ಅಟ್ಟದಿಂದ ತಂದೊಡನೆ ಹಾಕದೆ ಅಲ್ಲೇ ಪಕ್ಕದಲ್ಲಿ ಇಟ್ಟಿರಿ. ಇನ್ನು ವೇಗದ ವಿಷಯದಲ್ಲಿ, ನಿಧಾನವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಪೂರ್ತಿ ನಿಜವಲ್ಲ. 16ಎಕ್ಸ್‌ಗೆ ತಯಾರಾದ ಡಿಸ್ಕಿನ ಬಣ್ಣವನ್ನು ತೀರಾ ಕಡಿಮೆ ವೇಗಕ್ಕೆಂದು ರೂಪಿಸಿರುವುದಿಲ್ಲ. ಆದ್ದರಿಂದ 8ಎಕ್ಸ್ ಆರಿಸಿಕೊಳ್ಳಿ, ಆಗ ಸೆಕೆಂಡಿಗೆ ಸುಮಾರು 11 ಎಂಬಿ ಮಾತ್ರ ಹೋಗುತ್ತದೆ. ಬೇರೆ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಬೇಕೆಂಬ ಹಳೆಯ ಸಲಹೆಯನ್ನು ಈಗ ಅಷ್ಟಾಗಿ ಪಾಲಿಸಬೇಕಿಲ್ಲ. ದತ್ತಾಂಶ ತಡವಾದರೆ ಡ್ರೈವ್ ತಾನೇ ನಿಂತು ಮುಂದುವರಿಯುತ್ತದೆ.

ಸಂಜೆಯ ಹೊತ್ತು ವೋಲ್ಟೇಜ್ ಇಳಿಯುವ ಊರಾದರೆ ಯುಪಿಎಸ್ ಇಲ್ಲದೆ ಬರೆಯಬೇಡಿ. ಕರೆಂಟ್ ಹೋದ ಕ್ಷಣಕ್ಕೆ ಡಿಸ್ಕೂ ಹೋಯಿತೆಂದೇ ಲೆಕ್ಕ.

ಮರುಪ್ರಶ್ನೆ: ಅಡಿಕೆತೋಟ, ಹೊಸನಗರ

ಮಬ್ಬು ಪಟ್ಟೆ ಕಂಡಿತು. ಕಟ್ಟಿನ ತಳದ ಡಿಸ್ಕುಗಳಲ್ಲಂತೂ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಸೀಳುಗಳೇ ಕಾಣಿಸಿದವು. ಶಿವಮೊಗ್ಗದ ನೆಹರೂ ರಸ್ತೆಗೆ ಹೋಗಿದ್ದಾಗ ಐದು ಹೊಸ ಡಿಸ್ಕುಗಳನ್ನು ಬಿಡಿಯಾಗಿ ಕೊಂಡು, ಬೆಳಿಗ್ಗೆ, ಕಂಪ್ಯೂಟರ್ ಬೆಚ್ಚಗಾದ ಮೇಲೆ 8ಎಕ್ಸ್‌ನಲ್ಲಿ ಬರೆದೆ. ಪರಿಶೀಲನೆಯೂ ಸುಗಮವಾಗಿ ಮುಗಿಯಿತು. ಕುತೂಹಲಕ್ಕೆ ಹಳೆಯದೊಂದನ್ನು ಮತ್ತೆ ಹಾಕಿದಾಗ ಅದೇ ಕ್ಯಾಲಿಬ್ರೇಶನ್ ದೋಷ ಬಂದಿತಾದ್ದರಿಂದ ಡ್ರೈವ್ ನಿರಪರಾಧಿ ಎಂದು ತಿಳಿದಿದ್ದೇನೆ. ಆದರೆ ದೊಡ್ಡಪ್ಪನವರ ಪ್ಲೇಯರ್ ಡಿಸ್ಕನ್ನು ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಕರಕರ ಎಂದು, ‘ಡಿಸ್ಕ್ ತಪ್ಪು’ ಎಂದು ಹೊರಗೆ ತಳ್ಳುತ್ತಿದೆ. ಕಂಪ್ಯೂಟರಿನಲ್ಲಿ ಓಡುವುದು ಅಲ್ಲಿ ಏಕೆ ಓಡುವುದಿಲ್ಲ?

ಉತ್ತರ: ಶರಾವತಿ ಕಣಿವೆ, ಸಾಗರ

ನೀವು ಎಂಪಿ4 ಫೈಲುಗಳನ್ನು ಹಾಗೆಯೇ ಇಳಿಸಿದ್ದೀರಿ, ಅದು ದತ್ತಾಂಶದ ಡಿಸ್ಕಾಯಿತು. ಹಳೆಯ ಪ್ಲೇಯರ್ ಹುಡುಕುವುದು ವಿಡಿಯೋ_ಟಿಎಸ್ ಎಂಬ ಫೋಲ್ಡರನ್ನು, ಅದರೊಳಗೆ ಎಂಪೆಗ್-2 ರೂಪದ, 720×576 ಅಳತೆಯ, ಸೆಕೆಂಡಿಗೆ 25 ಚಿತ್ರಗಳ, ಪಾಲ್ ಎಂಬ ಟಿವಿ ಪದ್ಧತಿಯ ವಿಡಿಯೋವನ್ನು. ಡಿವಿಡಿ ಆಥರಿಂಗ್ ತಂತ್ರಾಂಶವೊಂದರಲ್ಲಿ ಮೊದಲು ಹಾಗೆ ಮಾರ್ಪಡಿಸಿ, ಆಮೇಲೆ ಬರೆದು, ಡಿಸ್ಕನ್ನು ಫೈನಲೈಸ್ ಮಾಡಿ, ಅಂದರೆ ಬರವಣಿಗೆ ಮುಗಿಯಿತೆಂದು ಮುಚ್ಚಿಬಿಡಿ. ಫೈನಲೈಸ್ ಆಗದ ಡಿಸ್ಕನ್ನು ಹಲವು ಪ್ಲೇಯರುಗಳು ಗುರುತಿಸುವುದೇ ಇಲ್ಲ.

ನಾಲ್ಕು ಗಂಟೆಯನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುರುಕಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್ ಸಿಗುತ್ತದೆ. ವೇಷ ಕುಣಿಯುವ ಬಯಲಾಟವಾಗಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಅರ್ಥಧಾರಿಗಳು ಕುಳಿತಲ್ಲೇ ಮಾತನಾಡುವ ತಾಳಮದ್ದಳೆಯಲ್ಲಿ ಅಲುಗಾಟ ಕಡಿಮೆಯಾದ್ದರಿಂದ ಅದು ನಡೆದೀತು. ಆದರೂ ನನ್ನ ಮತ ಎರಡು ಡಿಸ್ಕುಗಳ ಪರ, ನಿಮ್ಮಲ್ಲಿ ಇನ್ನೂ ನಾಲ್ಕು ಉಳಿದಿವೆಯಲ್ಲ. ಗಡಿಯಾರ ನೋಡಿ ಸರಿಯಾಗಿ ಎರಡು ಗಂಟೆಗೆ ಕತ್ತರಿಸಬೇಡಿ. ಒಬ್ಬರ ಅರ್ಥ ಮುಗಿದು ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುವ ಮುನ್ನಿನ ಜಾಗವನ್ನು ಹುಡುಕಿ ಅಲ್ಲಿ ತುಂಡರಿಸಿ, ಇಲ್ಲವಾದರೆ ದೊಡ್ಡಪ್ಪನವರಿಂದ ಬೈಸಿಕೊಳ್ಳುವವರು ನೀವೇ.