ಸಹಾಯ ಬೇಕು: ಕೆರಿಬಿಯನ್ ಕ್ರೂಸ್, ವಿಸಿಟರ್ ವೀಸಾದ ಅಪ್ಪ-ಅಮ್ಮ, ಮಯಾಮಿ ಕಸ್ಟಮ್ಸ್

ಎಲ್ಲರಿಗೂ ನಮಸ್ಕಾರ. ಮಯಾಮಿಯಿಂದ ಹೊರಟು ಸೇಂಟ್ ಮಾರ್ಟಿನ್, ಸೇಂಟ್ ಥಾಮಸ್ ಮುಟ್ಟಿ ವಾಪಸ್ ಬರೋ ಕ್ರೂಸ್. ಗಂಡ-ಹೆಂಡತಿ ಇಬ್ಬರಿಗೂ ಗ್ರೀನ್ ಕಾರ್ಡ್, ಜೊತೆಗೆ ಬರೋ ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ.

ದಂಪತಿ ಲೆಕ್ಕ ಸ್ಪಷ್ಟ. ಸೇಂಟ್ ಥಾಮಸ್ ಅಮೆರಿಕದ ವರ್ಜಿನ್ ದ್ವೀಪಗಳಿಗೆ ಸೇರಿದ್ದರಿಂದ ಸುಂಕ ಕಟ್ಟದೆ ಅಮೆರಿಕಕ್ಕೆ ತರಬಹುದಾದ ಸಾಮಾನಿನ ಮಿತಿ (ವಿನಾಯಿತಿ) ತಲಾ 800 ಡಾಲರ್ ಬದಲು 1,600. ಅದರಲ್ಲಿ ಬೇರೆ ಕಡೆ ಕೊಂಡದ್ದು ತಲಾ 800 ದಾಟಬಾರದು. ಒಂದೇ ಮನೆಯವರಾದ್ದರಿಂದ ಇಬ್ಬರದ್ದೂ ಸೇರಿಸಿ 3,200, ಅದರಲ್ಲಿ ಬೇರೆ ಕಡೆಯದ್ದು 1,600ರವರೆಗೆ. ಸೇಂಟ್ ಮಾರ್ಟಿನ್‌ನ 900 ಡಾಲರ್ ಕ್ಯಾಮೆರಾ ಇದರೊಳಗೆ ಆರಾಮಾಗಿ ಕೂರುತ್ತೆ.

ತೊಡಕಿರೋದು ಚಿನ್ನದ ಸರದಲ್ಲಿ. ಸೇಂಟ್ ಥಾಮಸ್‌ನಲ್ಲಿ 1,900 ಡಾಲರ್‌ಗೆ ಅಪ್ಪ ತಮ್ಮ ಕಾರ್ಡಲ್ಲೇ ಅಮ್ಮನಿಗೆ ಕೊಡಿಸ್ತಾರೆ. ಅಮ್ಮ ಅದನ್ನ ಹಾಕ್ಕೊಂಡೇ ಇಳಿದು, ಮುಂದೆ ಬೆಂಗಳೂರಿಗೆ ಒಯ್ತಾರೆ. ವಿಸಿಟರ್‌ಗೆ 800 ಆಗಲಿ 1,600 ಆಗಲಿ ಇಲ್ಲ. ಅಮೆರಿಕದಲ್ಲಿ ಕನಿಷ್ಠ 72 ಗಂಟೆ ಇರೋರಿಗೆ, ಬೇರೆಯವರಿಗೆ ಕೊಡೋ ಗಿಫ್ಟ್‌ಗೆ 100 ಡಾಲರ್ ವಿನಾಯಿತಿ ಇದೆ. ಬೇರೆಯವರ ದುಡ್ಡಲ್ಲಿ, ಅವರಿಗೇ ಅಂತ ಕೊಂಡದ್ದನ್ನ ದಂಪತಿ ತಮ್ಮ ಲೆಕ್ಕಕ್ಕೆ ಹಾಕ್ಕೊಳ್ಳೋ ಹಾಗೂ ಇಲ್ಲ.

ಹಡಗಿನ ಶಾಪಿಂಗ್ ಡೆಸ್ಕಲ್ಲಿ ಕೇಳಿದ್ರೆ "ಡ್ಯೂಟಿ ಫ್ರೀ, ಚಿಂತೆ ಬೇಡ" ಅಂತಾರೆ. ಅದು ಅಂಗಡಿ ಇರೋ ಊರಿನ ತೆರಿಗೆಗೆ ಸಂಬಂಧಿಸಿದ ಮಾತು, ಮಯಾಮಿಯ ಸುಂಕಕ್ಕಲ್ಲ. ಹೇಳದೆ ಸಿಕ್ಕಿಬಿದ್ರೆ ಸರ ಜಪ್ತಿ, ಮೇಲೆ ದಂಡ. ಹಾಗಾಗಿ ರಸೀದಿ ಸಮೇತ ಹೇಳೋದೇ ಸರಿ.

ಪ್ರಶ್ನೆ ಇಷ್ಟೇ: ಭಾರತಕ್ಕೆ ವಾಪಸ್ ಒಯ್ಯೋ ಈ ಸರಕ್ಕೆ ಮಯಾಮಿಯಲ್ಲಿ ಅಮ್ಮ ಸುಂಕ ಕಟ್ಟಬೇಕಾ, ಅಥವಾ ವಿಸಿಟರ್‌ನ ಸ್ವಂತ ಒಡವೆ ಅಂತ ಬಿಡ್ತಾರಾ? ಇದೇ ರೀತಿ ಡಿಕ್ಲೇರ್ ಮಾಡಿದವರು ದಯವಿಟ್ಟು ತಿಳಿಸಿ.