ನದಿಯೇ ಇಲ್ಲದ ಅಣ್ಣಿಗೇರಿ ಅಷ್ಟು ದೊಡ್ಡ ಊರಾಗಿದ್ದು ಹೇಗೆ?

ಹಾನಗಲ್ಲಿನ ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತವರು ಹಾನಗಲ್ ಕಡೆ. ಅಲ್ಲಿ ಭತ್ತದ ಗದ್ದೆ, ಕೆರೆ, ಅಡಿಕೆ ತೋಟ. ಮದುವೆಯಾಗಿ ಅಣ್ಣಿಗೇರಿಗೆ ಬಂದಿದ್ದೇನೆ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಕಪ್ಪು ಹೊಲ. ಬೇಸಿಗೆಯಲ್ಲಿ ನೆರಳಿಗೆ ಒಂದು ಗಿಡ ಹುಡುಕಬೇಕು. ಬಾವಿ ನೀರು ಸವಳು. ಆದರೆ ಅಮೃತೇಶ್ವರ ಗುಡಿಗೆ ಹೋದರೆ 76 ಕಂಬ! ಬೆಳ್ವೊಲ 300 ಅನ್ನೋ ಹಳೇ ಕಾಲದ ನಾಡಿಗೆ ಇದೇ ರಾಜಧಾನಿಯಾಗಿತ್ತಂತೆ. ಇಷ್ಟು ದುಡ್ಡು ಎಲ್ಲಿಂದ ಬಂತು? ಮನೆಯಲ್ಲಿ ಕೇಳಿದರೆ ‘ಮೊದಲಿಂದಲೂ ದೊಡ್ಡೂರು’ ಅಂತಾರೆ, ಅಷ್ಟೇ. ಗೊತ್ತಿದ್ದವರು ಹೇಳ್ತೀರಾ?

ಎರಿಹೊಲ:
ತಂಗೀ, ಆ ದುಡ್ಡು ಬಂದದ್ದು ಹೊಲದಿಂದಲೇ. ನಮ್ಮದು ಇದೇ ಊರಲ್ಲಿ ಒಕ್ಕಲುತನದ ಮನೆ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಎರಿ ಮಣ್ಣು, ಅಂದರೆ ಈ ಕಪ್ಪು ಮಣ್ಣು, ಮಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿಗೆ ಹೆಸರು ಹಾಕುತ್ತೇವೆ. ಅದು ಕೈಗೆ ಬಂದ ಮೇಲೆ ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋಧಿ, ಕುಸುಬಿ. ಆಗ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ಮೊದಲು ಹದ ಮಳೆ ಆಗಿದ್ದರೆ ಆಮೇಲೆ ಹನಿ ಬೀಳದಿದ್ದರೂ ಕಡಲೆ ಬರುತ್ತದೆ. ಮಣ್ಣಿನೊಳಗಿನ ಹಸಿ, ಚಳಿಗಾಲದ ಇಬ್ಬನಿ, ಅಷ್ಟು ಸಾಕು ಅದಕ್ಕೆ. ಸಂಕ್ರಾಂತಿ ಹೊತ್ತಿಗೆ ಹೊಲಕ್ಕೆ ಹೋಗಿ ಒಂದು ಬಿರುಕಿನಲ್ಲಿ ಕೈ ಹಾಕಿ ನೋಡಿ. ಮೇಲಿನ ಹೆಂಟೆ ಒಣಗಿ ಕಲ್ಲಾಗಿರುತ್ತದೆ. ಮೊಣಕೈವರೆಗೆ ಇಳಿಸಿದರೆ ಬೆರಳಿಗೆ ತಂಪು ಹತ್ತುತ್ತದೆ.

ಇನ್ನೊಂದು, ಹಗೇವು. ನೆಲದೊಳಗೆ ಗಡಿಗೆಯಂಥ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಜೋಳದ ದಂಟು, ಹೊಟ್ಟು ಹಾಸಿ ಕಾಳು ತುಂಬಿ, ಮೇಲೆ ಬಂಡೆ ಮುಚ್ಚಿ ಮಣ್ಣು ಬಡಿಯುತ್ತಿದ್ದರು. ಗಾಳಿ ಆಡುವುದಿಲ್ಲ, ಹುಳ ಬದುಕುವುದಿಲ್ಲ. ಹೀಗೆ ಇಟ್ಟ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಸುಗ್ಗಿ ಚೆನ್ನಾದ ವರ್ಷದ ಕಾಳು ಕೆಟ್ಟ ವರ್ಷಕ್ಕೆ ಉಳಿಯುವ ಊರಿನಲ್ಲಿ ವ್ಯಾಪಾರಿ ನಿಲ್ಲುತ್ತಾನೆ, ರಾಜನೂ ನಿಲ್ಲುತ್ತಾನೆ. 12ನೇ ಶತಮಾನದ ಕೊನೆಗೆ ಚಾಲುಕ್ಯರ ನಾಲ್ಕನೇ ಸೋಮೇಶ್ವರ ಇಲ್ಲಿ ನೆಲೆ ಮಾಡಿದ್ದು ಸುಮ್ನೆ ಅಲ್ಲ.

ಗದಗ ಪ್ಯಾಸೆಂಜರ್:
ಗುಡಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು 1050ರ ಹೊತ್ತಿನದು. ಅದಕ್ಕೂ ಮೊದಲು ಬಾದಾಮಿ, ಪಟ್ಟದಕಲ್ಲಿನ ಕಡೆ ಮರಳುಗಲ್ಲಲ್ಲೇ ಕಟ್ಟುತ್ತಿದ್ದರು. ಇಲ್ಲಿ ಬಳಪದ ಕಲ್ಲು ಬಳಸಿದರು. ಮೆತ್ತಗಿನ ಕಲ್ಲು, ಸಣ್ಣ ಕೆತ್ತನೆಗೆ ಸಲೀಸು. ಲಕ್ಕುಂಡಿ, ಇಟಗಿಯ ಗುಡಿಗಳ ನುಣುಪು ಬಂದದ್ದು ಈ ದಾರಿಯಿಂದಲೇ. ಮುಂದೆ ಹತ್ತಿ ಬಂತು, 1880ರ ದಶಕದಲ್ಲಿ ಹುಬ್ಬಳ್ಳಿ–ಗದಗ ರೈಲೂ ಬಂತು.

ಕನ್ನಡ ಮಾಸ್ತರ್:
ಪಂಪನನ್ನು ಬಿಟ್ಟಿರಲ್ಲ! ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳು. ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದಲ್ಲಿ ಕೆತ್ತಿಸಿದ ಶಾಸನ ಇದನ್ನು ಹೇಳುತ್ತದೆ. ಅಷ್ಟು ದೂರ ಹೋದ ಮೇಲೂ ತಾಯಿಯ ಊರನ್ನು ಕಲ್ಲಿನಲ್ಲಿ ಬರೆಸಿದ್ದಾನೆ. ನನಗೆ ಗುಡಿಗಿಂತ ಆ ಸಾಲೇ ದೊಡ್ಡದು.

ಎರಿ ಭೂಮಿಯ ಇನ್ನೊಂದು ಮುಖವನ್ನೂ ಹೇಳಬೇಕು. ಮಳೆ ಪೂರ್ತಿ ಕೈಕೊಟ್ಟರೆ ಇಲ್ಲಿ ಬೇರೆ ದಾರಿ ಇರಲಿಲ್ಲ. 2010ರಲ್ಲಿ ಚರಂಡಿ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆ ಸಿಕ್ಕವು. ಒಂದು ಪರೀಕ್ಷೆ ಆರು ನೂರು ವರ್ಷದ ಹಿಂದಿನವು ಅಂದಿತು, ಇನ್ನೊಂದು ಇನ್ನೂರರ ಆಸುಪಾಸು ಅಂದಿತು. ಎರಡನೆಯದನ್ನು ಒಪ್ಪುವವರು 1791-92ರ ಡೋಗಿ ಬರದ ಕಡೆ ಬೆರಳು ತೋರಿಸುತ್ತಾರೆ. ಹಗೇವು ಬರಿದಾದ ಮೇಲೆ ಜನ ಏನು ತಿಂದಾರು?

ಹಾನಗಲ್ಲಿನ ಮಗಳು:
ಅಣ್ಣಾರ, ಮಾಸ್ತರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಹಿತ್ತಲಲ್ಲಿ ಒಂದು ದುಂಡಗಿನ ಬಂಡೆ ಇದೆ. ಅತ್ತೆಯವರು ಅದರ ಮೇಲೆ ಕಟ್ಟಿಗೆ ಒಟ್ಟುತ್ತಾರೆ. ಕಾಲಿಟ್ಟರೆ ಟೊಳ್ಳು ಸಪ್ಪಳ ಬರುತ್ತದೆ. ಅದೂ ಹಗೇವೇ ಇರಬಹುದಾ? ತೆಗೆದು ನೋಡಲಾ?

ಎರಿಹೊಲ:
ಹಗೇವೇ ಇರಬೇಕು. ಆದರೆ ಒಬ್ಬರೇ ತೆಗೆಯಬೇಡಿ ತಂಗೀ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವರು ಸತ್ತದ್ದಿದೆ. ನಮ್ಮ ಹಿರಿಯರು ಬಂಡೆ ಸರಿಸಿ ಚೆನ್ನಾಗಿ ಗಾಳಿ ಆಡಲು ಬಿಟ್ಟು, ಆಮೇಲೆ ಹಚ್ಚಿದ ಕಂದೀಲು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡುತ್ತಿದ್ದರು. ಅದು ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ನೀವಂತೂ ಇಳಿಯಲೇಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ. ಅತ್ತೆಯವರನ್ನು ಕೇಳಿ, ಕೊನೆಯ ಸಲ ಯಾವಾಗ ಕಾಳು ತುಂಬಿದ್ದರು ಅಂತ. ಅವರು ಏನು ಹೇಳಿದರು ಅಂತ ಇಲ್ಲೇ ಬರೀರಿ.