ಎಂಟನೇ ಕ್ಲಾಸ್ ಆದಮೇಲೆ ಹುಡುಗಿಯರು ಯಾಕೆ ಬರಲ್ಲ?

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಧಾರವಾಡದವಳು. ಈಗ ಛತ್ತೀಸಗಡದ ಬಿಜಾಪುರ ಜಿಲ್ಲೆಯಲ್ಲಿ ಕೆಲಸ (ನಮ್ಮ ವಿಜಯಪುರ ಅಲ್ಲ, ಬಸ್ತರ್ ಕಡೆಯದು). ಎಂಟನೇ ಕ್ಲಾಸಿನವರೆಗೆ ಹುಡುಗಿಯರು ಬರುತ್ತಾರೆ. ಒಂಬತ್ತಕ್ಕೆ ಎಷ್ಟೋ ಜನ ಕಾಣಿಸುವುದೇ ಇಲ್ಲ. ಊರೂರಲ್ಲಿ ಜಾಗೃತಿ ಸಭೆ ಮಾಡೋಣ ಅಂತಿದ್ದೇವೆ. ಏನು ಹೇಳಬೇಕು?

ಉತ್ತರ: ಸಭೆ ಆಮೇಲೆ ಇರಲಿ. 2005ರಲ್ಲಿ ಸಲ್ವಾ ಜುಡುಂ, ಅಂದರೆ ಸರ್ಕಾರದ ಬೆಂಬಲದ ಮಾವೋವಾದಿ ವಿರೋಧಿ ಪಡೆ, ಶುರುವಾದ ಮೇಲೆ ಅಲ್ಲಿ ಎಷ್ಟೋ ಊರು ಖಾಲಿಯಾದವು. ಪೊಲೀಸರು, ಭದ್ರತಾ ಪಡೆಗಳು ಶಾಲೆಗಳಲ್ಲಿ ಬೀಡುಬಿಟ್ಟವು, ಮಾವೋವಾದಿಗಳು ಶಾಲೆ ಕಟ್ಟಡಗಳನ್ನೇ ಕೆಡವಿದರು. ಆಮೇಲೆ ಬಂದದ್ದು ಬಿದಿರಿನ ವಸತಿ ಶಾಲೆಗಳು, ಅಲ್ಲಿಯವರು ಪೋಟಾ ಕೇಬಿನ್ ಅನ್ನುತ್ತಾರಲ್ಲ, ಅವು. ಸಣ್ಣ ಮಗಳನ್ನು ಅಲ್ಲಿ ಬಿಟ್ಟು ಬಂದ ತಾಯಿಗೆ ಓದಿನ ಬೆಲೆ ನಾವು ಹೇಳಿಕೊಡಬೇಕಾ?

ತೊಡಕು ಇರುವುದು ಕಾಗದದಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ಕ್ಲಾಸಿನವರೆಗೆ. ಅಲ್ಲಿಯ ತನಕ ಟಿಸಿ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಒಂಬತ್ತಕ್ಕೆ ಆ ರಕ್ಷಣೆ ಇಲ್ಲ. ಟಿಸಿ ಕೇಳುತ್ತಾರೆ, ಹಾಸ್ಟೆಲ್ಲಿಗೆ, ಸ್ಕಾಲರ್‌ಶಿಪ್ಪಿಗೆ ಜಾತಿ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೆ 1950ಕ್ಕಿಂತ ಹಿಂದಿನ ದಾಖಲೆ ಬೇಕು. ಮನೆಯೇ ಸುಟ್ಟುಹೋದವರು ಎಲ್ಲಿಂದ ತರಬೇಕು? ದಾಖಲೆ ಇಲ್ಲದವರಿಗೆ ಗ್ರಾಮಸಭೆಯ ಠರಾವಿನ ಮೇಲೆ ಪತ್ರ ಕೊಡಲು ನಿಯಮದಲ್ಲೇ ಅವಕಾಶವಿದೆ. ಆ ಠರಾವು ಮಾಡಿಸಿ.

ಡಿಸೆಂಬರಿನಲ್ಲೇ ಎಂಟನೇ ಕ್ಲಾಸಿನ ಹುಡುಗಿಯರ ಪಟ್ಟಿ ಹಿಡಿದು ಕೂತುಕೊಳ್ಳಿ. ಜನವರಿ ದಾಟಿದರೆ ಮನೆಮಂದಿ ಮೆಣಸಿನಕಾಯಿ ಬಿಡಿಸಲು ತೆಲಂಗಾಣದ ಕಡೆ ಹೊರಡುತ್ತಾರೆ, ಸಹಿ ಹಾಕಲು ಯಾರೂ ಸಿಗುವುದಿಲ್ಲ. ಹೆಸರು ಕೂಡ ತಾಳೆ ನೋಡಿ. ಮನೆಯಲ್ಲಿ ಕರೆಯುವ ಗೋಂಡಿ ಭಾಷೆಯ ಹೆಸರನ್ನು ಮೇಷ್ಟ್ರು ಹಿಂದಿಗೆ ತಿದ್ದಿ ಬರೆದಿರುತ್ತಾರೆ, ಆಧಾರಿನಲ್ಲಿ ಇನ್ನೊಂದೇ ಇರುತ್ತದೆ. ಈ ಒಂದಕ್ಷರದ ವ್ಯತ್ಯಾಸಕ್ಕೆ ಜೂನ್ ಪೂರ್ತಿ ಓಡಾಡಬೇಕಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಅಲ್ಲಿ ಸರ್ಕಾರ ಸೈಕಲ್ ಕೊಡುತ್ತದಲ್ವಾ? ಅಷ್ಟು ಸಾಲದಾ?

ಉತ್ತರ: ಸರಸ್ವತಿ ಸೈಕಲ್ ಯೋಜನೆ. ರಸ್ತೆ ಪಕ್ಕದ ಊರಿಗೆ ಒಳ್ಳೆಯದೇ. ಕಾಡುದಾರಿಯಲ್ಲಿ ಭದ್ರತಾ ಪಡೆಯ ಕ್ಯಾಂಪ್ ದಾಟಿ ಹೋಗಬೇಕಾದ ಮಗಳನ್ನು ಒಬ್ಬಳೇ ಯಾರು ಕಳಿಸುತ್ತಾರೆ? ಅಂಥವರಿಗೆ ಹಾಸ್ಟೆಲ್ಲೇ ಗತಿ. ಹುಡುಗಿಯರ ಸರ್ಕಾರಿ ವಸತಿ ಶಾಲೆಗಳಾದ ಕಸ್ತೂರಬಾ ಬಾಲಿಕಾ ವಿದ್ಯಾಲಯಗಳು ಮೊದಲು ಎಂಟರವರೆಗೆ ಮಾತ್ರ ಇದ್ದವು. 2018ರಲ್ಲಿ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆ ಬಂದಮೇಲೆ 12ರವರೆಗೆ ಬೆಳೆಸಲು ದಾರಿಯಾಯಿತು. ನಿಮ್ಮ ಬ್ಲಾಕಿನದು ಎಲ್ಲಿಯವರೆಗಿದೆ, ಮೊದಲು ಕೇಳಿ.

ಸೇರಿಸುವ ಮುಂಚೆ ತಾಯಿಯನ್ನು ಕರೆದುಕೊಂಡು ಹೋಗಿ ತೋರಿಸಿ. ಬಚ್ಚಲಿನ ಚಿಲಕ ಬೀಳುತ್ತಾ, ನೀರು ಬರುತ್ತಾ, ರಾತ್ರಿ ವಾರ್ಡನ್ ಅಲ್ಲೇ ಮಲಗುತ್ತಾರಾ, ಮುಟ್ಟಿನ ಬಟ್ಟೆ ಒಣಗಿಸಲು ಜಾಗ ಎಲ್ಲಿ? ತಾಯಿ ಹೂಂ ಅನ್ನುವುದು ಇದನ್ನೆಲ್ಲ ನೋಡಿದ ಮೇಲೇನೇ. ಒಂದೇ ಊರಿನ ಇಬ್ಬರು ಮೂವರನ್ನು ಒಟ್ಟಿಗೇ ಸೇರಿಸಿ, ಒಬ್ಬೊಂಟಿಯಾದವಳು ಮೊದಲ ಹಬ್ಬಕ್ಕೆ ಮನೆಗೆ ಹೋದರೆ ವಾಪಸ್ ಬರುವುದು ಕಷ್ಟ.

ಪ್ರಶ್ನೆ: ಈಗಾಗಲೇ ಬಿಟ್ಟಿರುವವರು?

ಉತ್ತರ: ದಿನಾ ಶಾಲೆಗೆ ಹೋಗದೆ ಓದುವ ಓಪನ್ ಸ್ಕೂಲಿನಲ್ಲಿ ಹತ್ತನೇ ಪರೀಕ್ಷೆ ಕಟ್ಟಿಸಬಹುದು. ಆದರೆ ಸುಮ್ನೆ ಪುಸ್ತಕ ಕೊಟ್ಟು ಬಂದರೆ ಆಗಲ್ಲ, ವಾರಕ್ಕೊಮ್ಮೆಯಾದರೂ ಕೂರಿಸಿ ಹೇಳಿಕೊಡುವವರು ಬೇಕು. ಅಂಥವರು ಸಿಕ್ಕಮೇಲೆ ಫಾರ್ಮ್ ತುಂಬಿಸಿ.